ಸ್ಯಾನ್‌ಫ್ರಾನ್ಸಿಸ್ಕೊ ಸಿಟಿ ಕಾಲೇಜು: ಮುಚ್ಚುವ ಅಂಚಿನಿಂದ ಉಚಿತ ಶಿಕ್ಷಣದವರೆಗೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್‌ಫ್ರಾನ್ಸಿಸ್ಕೊ ನಗರದ ಸಾರ್ವಜನಿಕ ಸಮುದಾಯ ಕಾಲೇಜಿನ ಹೆಸರು 'ಸಿಟಿ ಕಾಲೇಜ್ ಆಫ್ ಸ್ಯಾನ್‌ಫ್ರಾನ್ಸಿಸ್ಕೊ'. ಆರ್ಥಿಕ ಮಹಾಕುಸಿತದ ದಿನಗಳಲ್ಲಿ, 1935ರಲ್ಲಿ, ಸ್ವಂತದ್ದೆಂದು ಹೇಳಿಕೊಳ್ಳಲು ಒಂದು ಕಟ್ಟಡವೂ ಇಲ್ಲದೆ ಆರಂಭಗೊಂಡ ಈ ಸಂಸ್ಥೆ ಮುಂದೆ ದೇಶದ ಅತಿ ದೊಡ್ಡ ಸಮುದಾಯ ಕಾಲೇಜುಗಳಲ್ಲಿ ಒಂದಾಗಿ ಬೆಳೆಯಿತು. ಅದೇ ಕಾಲೇಜಿನ ಮಾನ್ಯತೆಯನ್ನು ರದ್ದುಪಡಿಸುವ ತೀರ್ಮಾನ 2013ರಲ್ಲಿ ಹೊರಬಿದ್ದಾಗ ಸುಮಾರು 85 ಸಾವಿರ ವಿದ್ಯಾರ್ಥಿಗಳ ಭವಿಷ್ಯ ತೂಗುಯ್ಯಾಲೆಗೆ ಬಿತ್ತು. ನಾಲ್ಕೇ ವರ್ಷಗಳಲ್ಲಿ, 2017ರಲ್ಲಿ, ನಗರದ ಎಲ್ಲ ನಿವಾಸಿಗಳಿಗೂ ಬೋಧನಾ ಶುಲ್ಕವಿಲ್ಲದೆ ತೆರೆದುಕೊಂಡ ಕಾಲೇಜೂ ಇದೇ ಆಗಿದೆ. ಈ ಎರಡು ಘಟನೆಗಳ ನಡುವೆ ನಡೆದದ್ದು ಲೆಕ್ಕಪತ್ರದ ಜಗಳವಷ್ಟೇ ಅಲ್ಲ. ಸಮುದಾಯ ಕಾಲೇಜು ಯಾರಿಗಾಗಿ ಇರಬೇಕು ಎಂಬ ಹಳೆಯ ಪ್ರಶ್ನೆ ಅಲ್ಲಿ ಹೊಸದಾಗಿ ಎದ್ದು ನಿಂತಿತ್ತು.

ಅಮೆರಿಕದ ವಿಶ್ವವಿದ್ಯಾಲಯಗಳ ಹೆಸರುಗಳು ನಮ್ಮ ನಗರಗಳ ಮನೆಮನೆಗೂ ಪರಿಚಿತ. ಸಮುದಾಯ ಕಾಲೇಜುಗಳ ವಿಷಯ ಹಾಗಲ್ಲ. ಇಲ್ಲಿ ಪದವಿಯ ಮೊದಲೆರಡು ವರ್ಷಗಳ ವ್ಯಾಸಂಗ ಮುಗಿಸಿ, ಉಳಿದೆರಡು ವರ್ಷಗಳಿಗೆ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಪಡೆಯಬಹುದು. ಅಥವಾ ಎರಡು ವರ್ಷಗಳ 'ಅಸೋಸಿಯೇಟ್' ಪದವಿಯೊಂದಿಗೆ ನಿಲ್ಲಿಸಬಹುದು. ಶುಶ್ರೂಷೆ, ವಾಹನ ದುರಸ್ತಿ, ಅಡುಗೆಯಂತಹ ಕಸುಬಿನ ಪ್ರಮಾಣಪತ್ರವನ್ನಷ್ಟೇ ಪಡೆಯುವವರೂ ಉಂಟು. ಇವು ಯಾವುವೂ ಬೇಡವೆಂದರೆ ಇಂಗ್ಲಿಷ್ ಕಲಿಯಲೆಂದೋ, ಪೌರತ್ವ ಪರೀಕ್ಷೆಗೆ ಸಿದ್ಧವಾಗಲೆಂದೋ ಸಂಜೆಯ ತರಗತಿಗೆ ಸೇರಬಹುದು. ನಮ್ಮ ಪದವಿ ಕಾಲೇಜು, ಪಾಲಿಟೆಕ್ನಿಕ್, ಐಟಿಐ, ವಯಸ್ಕರ ಶಿಕ್ಷಣ ಕೇಂದ್ರ ಇವು ನಾಲ್ಕೂ ಒಂದೇ ಸೂರಿನಡಿ ಸೇರಿದರೆ ಹೇಗಿರಬಹುದೋ ಹಾಗೆ. ಭಾರತದಲ್ಲಿ 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ ಆರಂಭಿಸಿದ ಸಮುದಾಯ ಕಾಲೇಜು, ಬಳಿಕ 12ನೇ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ರೂಪಿಸಿದ ಯೋಜನೆ ಎರಡಕ್ಕೂ ಹೆಸರು ಬಂದದ್ದು ಅಲ್ಲಿಂದಲೇ. ಆದರೆ ನಮ್ಮಲ್ಲಿ ಆ ಹೆಸರು ಬಹುಮಟ್ಟಿಗೆ ಕೌಶಲ ಡಿಪ್ಲೊಮಾಗಳಿಗೆ ಸೀಮಿತವಾಯಿತು.

ಟ್ರಾಲಿ ಕಾರ್ ಕಾಲೇಜು

ಇಂತಹ ಕಾಲೇಜುಗಳ ಮೂಲವನ್ನು ಸಾಮಾನ್ಯವಾಗಿ ಇಲಿನಾಯ್ ರಾಜ್ಯದ ಜೋಲಿಯೆಟ್ ಪಟ್ಟಣದಲ್ಲಿ 1901ರಲ್ಲಿ ತೆರೆದ ಜೂನಿಯರ್ ಕಾಲೇಜಿನಲ್ಲಿ ಗುರುತಿಸಲಾಗುತ್ತದೆ. ಪ್ರೌಢಶಾಲೆಗಳು ಕಾಲೇಜು ಮಟ್ಟದ ಪಾಠಗಳನ್ನೂ ನಡೆಸಬಹುದೆಂದು ಕ್ಯಾಲಿಫೋರ್ನಿಯಾ 1907ರಲ್ಲಿ ಶಾಸನ ಮಾಡಿತು. 1910ರಲ್ಲಿ ಫ್ರೆಸ್ನೊ ನಗರದಲ್ಲಿ ರಾಜ್ಯದ ಮೊದಲ ಜೂನಿಯರ್ ಕಾಲೇಜು ತೆರೆಯಿತು. ವಿಚಿತ್ರವೆಂದರೆ, ರಾಜ್ಯದ ದೊಡ್ಡ ನಗರಗಳಲ್ಲಿ ಒಂದಾದ ಸ್ಯಾನ್‌ಫ್ರಾನ್ಸಿಸ್ಕೊ ಇದಾದ ಮೇಲೂ ಕಾಲು ಶತಮಾನ ಸುಮ್ಮನೆ ಕುಳಿತಿತ್ತು. ನಿರುದ್ಯೋಗ ತಾರಕಕ್ಕೇರಿ, ಪ್ರೌಢಶಾಲೆ ಮುಗಿಸಿದ ತರುಣರಿಗೆ ಕೆಲಸವೂ ಇಲ್ಲ, ವಿಶ್ವವಿದ್ಯಾಲಯದ ಖರ್ಚು ಭರಿಸುವ ಶಕ್ತಿಯೂ ಇಲ್ಲ ಎಂಬ ಸ್ಥಿತಿ ಬಂದ ಬಳಿಕವೇ ನಗರದ ಶಾಲಾ ಮಂಡಳಿ ಎಚ್ಚೆತ್ತಿತು. ಶಾಲಾ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದ ಆರ್ಚಿಬಾಲ್ಡ್ ಕ್ಲೌಡ್ ಹೊಸ 'ಸ್ಯಾನ್‌ಫ್ರಾನ್ಸಿಸ್ಕೊ ಜೂನಿಯರ್ ಕಾಲೇಜಿನ' ಮೊದಲ ಅಧ್ಯಕ್ಷರಾದರು.

ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಸೇರಿದರು, ಕೂರಿಸಲು ಜಾಗವಿರಲಿಲ್ಲ. ಬೆಳಗಿನ ಪಾಠಗಳು ಪೊವೆಲ್ ಬೀದಿಯಲ್ಲಿದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಸ್ತರಣಾ ಕೇಂದ್ರದಲ್ಲಿ, ಮಧ್ಯಾಹ್ನದವು ಗೆಲಿಲಿಯೊ ಪ್ರೌಢಶಾಲೆಯಲ್ಲಿ. ಸಂಖ್ಯೆ ಬೆಳೆದಂತೆ ಊರಿನ ಬೇರೆ ಬೇರೆ ಕಡೆ ಸಿಕ್ಕಿದ ಕೊಠಡಿಗಳೆಲ್ಲ ತರಗತಿಗಳಾದವು. ಒಂದು ಪಾಠ ಮುಗಿಸಿ ಟ್ರಾಲಿ ಕಾರು ಹಿಡಿದು ಇನ್ನೊಂದು ಪಾಠಕ್ಕೆ ಓಡುವುದೇ ವಿದ್ಯಾರ್ಥಿಗಳ ದಿನಚರಿಯಾದ್ದರಿಂದ ಜನ ಇದನ್ನು 'ಟ್ರಾಲಿ ಕಾರ್ ಕಾಲೇಜು' ಎಂದು ಕರೆದರು. ಹೆಸರಿನಲ್ಲಿ ತಮಾಷೆ ಇತ್ತು, ನಿಜವೂ ಇತ್ತು. ಊರಿನ ಉದ್ದಗಲಕ್ಕೆ ಚದುರಿಕೊಂಡಿರುವ ಗುಣ ಈ ಕಾಲೇಜನ್ನು ಆಮೇಲೂ ಬಿಡಲಿಲ್ಲ.

ಸ್ವಂತ ನೆಲೆಗಾಗಿ ಸಿಕ್ಕಿದ್ದು ನಗರದ ದಕ್ಷಿಣ ಭಾಗದ ಬಾಲ್ಬೋವಾ ಉದ್ಯಾನದ ಪಕ್ಕದ ದಿಬ್ಬ. ಅದಕ್ಕೂ ಮೊದಲು ಅಲ್ಲಿದ್ದದ್ದು ಇಂಗಲ್‌ಸೈಡ್ ಕಾರಾಗೃಹ. ಕೈದಿಗಳು ಹೋದ ದಿಬ್ಬಕ್ಕೆ ವಿದ್ಯಾರ್ಥಿಗಳು ಬಂದರು. ನಗರದ ಹೆಸರಾಂತ ವಾಸ್ತುಶಿಲ್ಪಿ ಟಿಮೊಥಿ ಫ್ಲೂಗರ್ ರೂಪಿಸಿದ ವಿಜ್ಞಾನ ಭವನ 1940ರಲ್ಲಿ ತೆರೆಯಿತು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರು ಸರ್ಕಾರಿ ನೆರವಿನೊಂದಿಗೆ ಕಾಲೇಜುಗಳಿಗೆ ನುಗ್ಗಿದಾಗ ಹೊಸ ಕಟ್ಟಡವೂ ಸಾಲದಾಯಿತು. ಎದುರಿನ ಜಾಗದಲ್ಲಿ ನೌಕಾದಳದ ಮಹಿಳಾ ವಿಭಾಗ ಬಿಟ್ಟುಹೋಗಿದ್ದ ಬ್ಯಾರಕ್ಕುಗಳು ತರಗತಿಗಳಾಗಿ ಮಾರ್ಪಟ್ಟವು. 1948ರಲ್ಲಿ 'ಜೂನಿಯರ್' ಎಂಬ ವಿಶೇಷಣ ಕಳಚಿ 'ಸಿಟಿ ಕಾಲೇಜು' ಎಂಬ ಹೆಸರು ನಿಂತಿತು. ಹಿಂದಿನ ವರ್ಷವಷ್ಟೇ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗವು 'ಸಮುದಾಯ ಕಾಲೇಜು' ಎಂಬ ಪದವನ್ನು ಚಾಲ್ತಿಗೆ ತಂದಿತ್ತು.

ಪೆಟ್ಟಿಗೆಯಲ್ಲಿ ಮಲಗಿದ ಮಹಾಚಿತ್ರ

ಕಾಲೇಜಿನ ಅತ್ಯಂತ ಬೆಲೆಬಾಳುವ ಆಸ್ತಿ ಒಂದು ಭಿತ್ತಿಚಿತ್ರ. ಮೆಕ್ಸಿಕೊದ ಚಿತ್ರಕಾರ ಡಿಯಾಗೊ ರಿವೇರಾ 1940ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಟ್ರೆಷರ್ ದ್ವೀಪದಲ್ಲಿ ನಡೆದ ಅಂತರರಾಷ್ಟ್ರೀಯ ವಸ್ತುಪ್ರದರ್ಶನದಲ್ಲಿ, ನೋಡುಗರ ಕಣ್ಣೆದುರೇ ಇದನ್ನು ಬರೆದರು. 22 ಅಡಿ ಎತ್ತರ, 74 ಅಡಿ ಅಗಲ, ಹತ್ತು ಫಲಕಗಳು. ಉತ್ತರ ಅಮೆರಿಕದ ಯಂತ್ರ ನಾಗರಿಕತೆ ಮತ್ತು ದಕ್ಷಿಣದ ಪ್ರಾಚೀನ ಕಲಾಪರಂಪರೆ ಒಂದನ್ನೊಂದು ಬೆಸೆಯುವ ಈ ಕೃತಿ 'ಪ್ಯಾನ್ ಅಮೆರಿಕನ್ ಯೂನಿಟಿ' ಎಂದು ಪ್ರಸಿದ್ಧ. ಫ್ಲೂಗರ್ ಅವರ ಮನಸ್ಸಿನಲ್ಲಿ ಇದು ಕಾಲೇಜಿನ ಗ್ರಂಥಾಲಯದ ಗೋಡೆಯನ್ನು ಅಲಂಕರಿಸಬೇಕಾಗಿತ್ತು. ಯುದ್ಧ ಬಂತು, ಗ್ರಂಥಾಲಯ ಏಳಲಿಲ್ಲ, 1946ರಲ್ಲಿ ಫ್ಲೂಗರ್ ತೀರಿಕೊಂಡರು. ಚಿತ್ರ ಮರದ ಪೆಟ್ಟಿಗೆಗಳಲ್ಲಿ ಎರಡು ದಶಕ ಮಲಗಿತ್ತು. 1961ರಲ್ಲಿ ಕಾಲೇಜಿನ ರಂಗಮಂದಿರದ ಮೊಗಸಾಲೆಯಲ್ಲಿ ಅದಕ್ಕೆ ಜಾಗವಾಯಿತು. ಇಕ್ಕಟ್ಟಿನ ಜಾಗ. ಹಿಂದೆ ಸರಿದು ಇಡೀ ಚಿತ್ರವನ್ನು ಒಂದೇ ನೋಟದಲ್ಲಿ ಕಾಣಲು ಅಲ್ಲಿ ಅವಕಾಶವಿರಲಿಲ್ಲ. ನಗರದ ಆಧುನಿಕ ಕಲಾ ವಸ್ತುಸಂಗ್ರಹಾಲಯವು ಸುಮಾರು 30 ಟನ್ ತೂಕದ ಈ ಕೃತಿಯನ್ನು ಬಹು ಜಾಗರೂಕತೆಯಿಂದ ಸಾಗಿಸಿ, 2021ರಿಂದ 2024ರವರೆಗೆ ತನ್ನಲ್ಲಿ ಪ್ರದರ್ಶಿಸಿತು.

ಸೋಪಾನದ ಕೊನೆಯ ಮೆಟ್ಟಿಲು

1960ರಲ್ಲಿ ಕ್ಯಾಲಿಫೋರ್ನಿಯಾ ಉನ್ನತ ಶಿಕ್ಷಣಕ್ಕೆ 'ಮಾಸ್ಟರ್ ಪ್ಲಾನ್' ರೂಪಿಸಿತು. ಪ್ರೌಢಶಾಲೆ ಮುಗಿಸಿದವರಲ್ಲಿ ಮೇಲಿನ ಶೇ 12.5 ಮಂದಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಮೇಲಿನ ಮೂರನೆಯ ಒಂದು ಭಾಗಕ್ಕೆ ರಾಜ್ಯ ಕಾಲೇಜುಗಳು, ಉಳಿದ ಎಲ್ಲರಿಗೂ ಜೂನಿಯರ್ ಕಾಲೇಜುಗಳು ಎಂಬುದು ಅದರ ಸೂತ್ರ. ಮೇಲಿನೆರಡು ಮೆಟ್ಟಿಲುಗಳಿಗೆ ಆಯ್ಕೆಯ ಜರಡಿ ಇದ್ದರೆ ಕೆಳಗಿನದಕ್ಕೆ ಇಲ್ಲ. ಕೆಳಗಿನಿಂದ ಮೇಲಕ್ಕೆ ಹತ್ತಲು ವರ್ಗಾವಣೆಯ ದಾರಿಯೂ ಉಂಟು. ಬೋಧನಾ ಶುಲ್ಕವೂ ಇರಲಿಲ್ಲ.

ಈ ಉದಾರತೆಗೆ ಮೊದಲ ಪೆಟ್ಟು ಬಿದ್ದದ್ದು 1978ರಲ್ಲಿ. ಆಸ್ತಿ ತೆರಿಗೆಗೆ ಮಿತಿ ಹಾಕಿದ 13ನೇ ಪ್ರಸ್ತಾಪವನ್ನು ಮತದಾರರು ಅಂಗೀಕರಿಸಿದರು. ಸ್ಥಳೀಯ ತೆರಿಗೆಯನ್ನು ನೆಚ್ಚಿಕೊಂಡಿದ್ದ ಕಾಲೇಜುಗಳು ಅನಿವಾರ್ಯವಾಗಿ ರಾಜ್ಯ ಖಜಾನೆಯತ್ತ ಕೈಚಾಚಬೇಕಾಯಿತು. 1984ರಲ್ಲಿ ಮೊದಲ ಬಾರಿಗೆ ಶುಲ್ಕ ಬಂತು: ಯೂನಿಟ್ ಒಂದಕ್ಕೆ 5 ಡಾಲರ್, ಒಂದು ಅವಧಿಗೆ 50 ಡಾಲರ್ ಮೀರದಂತೆ. ಯೂನಿಟ್ ಎಂದರೆ ಸ್ಥೂಲವಾಗಿ ಒಂದು ಅವಧಿಯುದ್ದಕ್ಕೂ ವಾರಕ್ಕೊಂದು ಗಂಟೆಯ ಪಾಠ. ಖಜಾನೆ ಬರಿದಾದಾಗಲೆಲ್ಲ ಏರುತ್ತ ಬಂದ ಈ ಶುಲ್ಕ 2012ರ ಬೇಸಿಗೆಗೆ 46 ಡಾಲರ್ ಮುಟ್ಟಿತು. ಅಮೆರಿಕದ ಲೆಕ್ಕದಲ್ಲಿ ಇದು ಅಗ್ಗವೇ. ಆದರೆ ಬಾಡಿಗೆಗೆ ಕುಖ್ಯಾತವಾದ ನಗರದಲ್ಲಿ ಹೋಟೆಲ್ ಕೆಲಸ ಮಾಡುತ್ತ ಓದುವವರಿಗೆ ಅಗ್ಗವೆಂಬ ಮಾತು ಅಷ್ಟು ಸಲೀಸಾಗಿ ಒಪ್ಪುವಂಥದ್ದಲ್ಲ.

ಏನೆಲ್ಲ ಕಲಿಸುತ್ತಾರೆ

1970ರಲ್ಲಿ ಕಾಲೇಜು ನಗರದ ಶಾಲಾ ಮಂಡಳಿಯಿಂದ ಬೇರ್ಪಟ್ಟು ಸ್ವತಂತ್ರ ಸಮುದಾಯ ಕಾಲೇಜು ಜಿಲ್ಲೆಯಾಯಿತು. ಶಾಲಾ ಮಂಡಳಿ ನಡೆಸುತ್ತಿದ್ದ ವಯಸ್ಕರ ಶಿಕ್ಷಣ ಕೇಂದ್ರಗಳೂ ಹೊಸ ಜಿಲ್ಲೆಯ ತೆಕ್ಕೆಗೆ ಬಂದವು. ಇದರ ಪರಿಣಾಮ ದೂರಗಾಮಿ. ಪದವಿಗೆ ಓದುವ ತರುಣರ ಜೊತೆಗೆ, ಪದವಿಯ ಹಂಗಿಲ್ಲದೆ ಕಲಿಯುವ ವಯಸ್ಕರ ದೊಡ್ಡ ಸಮೂಹವೊಂದು ಕಾಲೇಜಿನದಾಯಿತು. ಕ್ರೆಡಿಟ್ ಇಲ್ಲದ, ಶುಲ್ಕವೂ ಇಲ್ಲದ ಈ ತರಗತಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ವಲಸಿಗರಿಗೆ ಇಂಗ್ಲಿಷ್ ಕಲಿಸುವ ವಿಭಾಗ. ಚೀನಾ, ಮೆಕ್ಸಿಕೊ, ಮಧ್ಯ ಅಮೆರಿಕ, ವಿಯೆಟ್ನಾಂ, ಫಿಲಿಪ್ಪೀನ್ಸ್, ರಷ್ಯಾ ಹೀಗೆ ನಾನಾ ದೇಶಗಳಿಂದ ಬಂದವರಿಗೆ ಹೊಸ ನೆಲದಲ್ಲಿ ದೊರೆತ ಮೊದಲ ಶಾಲೆ ಇದೇ.

ಚೈನಾಟೌನ್ ಕೇಂದ್ರದ ಕಥೆ ಇಲ್ಲಿ ಹೇಳಬೇಕಾದದ್ದು. ದಶಕಗಳ ಕಾಲ ಅಲ್ಲಿನ ತರಗತಿಗಳು ಬಾಡಿಗೆಯ, ಎರವಲಿನ ಕೊಠಡಿಗಳಲ್ಲಿ ನಡೆದವು. ಸ್ವಂತ ಕಟ್ಟಡದ ಯೋಜನೆ ಸಿದ್ಧವಾದಾಗ ಅದರ ಎತ್ತರದ ಬಗ್ಗೆ ನೆರೆಹೊರೆಯಿಂದ ತಕರಾರು ಎದ್ದಿತು. ಎಲ್ಲ ದಾಟಿ, ಕರ್ನಿ ಬೀದಿಯಲ್ಲಿ ಬಹುಮಹಡಿ ಕಟ್ಟಡ 2012ರಲ್ಲಿ ತೆರೆಯಿತು. ಕಾಲೇಜೇ ಉಳಿಯುವುದೋ ಇಲ್ಲವೋ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿದ್ದದ್ದೂ ಅದೇ ತಿಂಗಳುಗಳಲ್ಲಿ.

ನಗರದ ಆಗ್ನೇಯ ಮೂಲೆಯ ಬೇವ್ಯೂ ಪ್ರದೇಶದ ಕೇಂದ್ರಕ್ಕೆ ಇನ್ನೊಂದು ಬಗೆಯ ಹಿನ್ನೆಲೆ ಇದೆ. ಬಹುಪಾಲು ಕಪ್ಪು ಜನರು ವಾಸಿಸುತ್ತಿದ್ದ ಈ ಬಡಾವಣೆಯಲ್ಲಿ ನಗರಾಡಳಿತ ಕೊಳಚೆ ನೀರು ಶುದ್ಧೀಕರಣ ಘಟಕವನ್ನು ವಿಸ್ತರಿಸಿತು. ನಿವಾಸಿಗಳು ಪಟ್ಟು ಹಿಡಿದು ಪಡೆದ ಪರಿಹಾರವೇ 1980ರ ದಶಕದಲ್ಲಿ ಅಲ್ಲಿ ಎದ್ದ ಸಮುದಾಯ ಭವನ. ಕಾಲೇಜಿನ ತರಗತಿಗಳು ನಡೆದದ್ದು ಅದರೊಳಗೆ.

ಕಸುಬಿನ ಶಿಕ್ಷಣದಲ್ಲಿ ಹೋಟೆಲ್ ಮತ್ತು ಪಾಕಶಾಸ್ತ್ರ ವಿಭಾಗ ಕಾಲೇಜಿನಷ್ಟೇ ಹಳೆಯದೆನ್ನಬಹುದು. ಪ್ರವಾಸಿಗರ ನಗರಕ್ಕೆ ತಕ್ಕದ್ದು ಕೂಡ. ಇಲ್ಲಿನ ವಿದ್ಯಾರ್ಥಿಗಳು ಪಾಠದ ಭಾಗವಾಗಿಯೇ ಅಡುಗೆ ಮಾಡಿ, ಬಡಿಸಿ, ಭೋಜನಶಾಲೆಯನ್ನು ನಡೆಸಿ ಕಲಿಯುತ್ತಾರೆ. ಶುಶ್ರೂಷೆ, ವಿಕಿರಣ ಚಿತ್ರಣ, ದಂತ ಸಹಾಯಕರ ತರಬೇತಿ, ಅಗ್ನಿಶಾಮಕ ವಿದ್ಯೆ, ಮಕ್ಕಳ ಪಾಲನೆ, ವಾಹನ ದುರಸ್ತಿ, ಕಂಪ್ಯೂಟರ್ ಜಾಲ ನಿರ್ವಹಣೆ ಇವೆಲ್ಲ ಪಟ್ಟಿಯಲ್ಲಿ ಸೇರಿದವು. ವಿಮಾನ ದುರಸ್ತಿಯ ತರಬೇತಿಗಾಗಿ ನಗರದ ವಿಮಾನ ನಿಲ್ದಾಣದಲ್ಲೇ ಕೇಂದ್ರ ತೆರೆದದ್ದುಂಟು.

ನಗರದ ಸಾಮಾಜಿಕ ಚಳವಳಿಗಳೂ ಪಠ್ಯದೊಳಗೆ ಬಂದವು. ಫಿಲಿಪ್ಪೀನ್ಸ್ ಅಧ್ಯಯನ ವಿಭಾಗ 1970ರಲ್ಲಿ ಆರಂಭಗೊಂಡಿತು. ಸಲಿಂಗಿ ಸಾಹಿತ್ಯವನ್ನು ಬೋಧಿಸುವ ತರಗತಿ 1972ರಲ್ಲೇ ಇತ್ತು. 1989ರಲ್ಲಿ ತೆರೆದ ಸಲಿಂಗಿಗಳ ಅಧ್ಯಯನ ವಿಭಾಗವು ಅಮೆರಿಕದಲ್ಲೇ ಮೊದಲನೆಯದು. ದೊಡ್ಡ ವಿಶ್ವವಿದ್ಯಾಲಯಗಳು ಮೀನಮೇಷ ಎಣಿಸುತ್ತಿದ್ದಾಗ ಎರಡು ವರ್ಷದ ಕಾಲೇಜೊಂದು ಮುಂದಡಿ ಇಟ್ಟದ್ದು ಗಮನಾರ್ಹ.

ಮಾನ್ಯತೆಯ ಬಿಕ್ಕಟ್ಟು

ಅಮೆರಿಕದಲ್ಲಿ ಕಾಲೇಜುಗಳಿಗೆ ಮಾನ್ಯತೆ ನೀಡುವುದು ಸರ್ಕಾರವಲ್ಲ, ಪ್ರಾದೇಶಿಕ ಆಯೋಗಗಳು. ನಮ್ಮ ನ್ಯಾಕ್ ಶ್ರೇಣಿ ಇಳಿದರೆ ಕಾಲೇಜಿಗೆ ಮುಜುಗರವಾಗಬಹುದು; ಅಲ್ಲಿ ಮಾನ್ಯತೆ ಹೋದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ನಿಲ್ಲುತ್ತದೆ, ರಾಜ್ಯದ ಅನುದಾನ ನಿಲ್ಲುತ್ತದೆ, ಕಾಲೇಜು ಬಾಗಿಲು ಹಾಕುವುದೊಂದೇ ದಾರಿ.

2008ರ ಆರ್ಥಿಕ ಹಿಂಜರಿತದ ಬಳಿಕ ರಾಜ್ಯದ ಅನುದಾನ ಕುಗ್ಗಿತ್ತು. ಬೇರೆ ಕಾಲೇಜುಗಳು ತರಗತಿಗಳನ್ನು ಕಡಿದು ಹಾಕಿದರೆ, ಸಿಟಿ ಕಾಲೇಜು ಸಾಧ್ಯವಾದಷ್ಟು ಕಾಲ ಎಲ್ಲವನ್ನೂ ಉಳಿಸಿಕೊಳ್ಳಲು ನೋಡಿತು. ಆಯವ್ಯಯದ ಶೇ 90ಕ್ಕೂ ಹೆಚ್ಚು ಸಂಬಳ ಸವಲತ್ತುಗಳಿಗೇ ಹೋಗುತ್ತಿತ್ತು. ಮೀಸಲು ನಿಧಿ ಕರಗುತ್ತ ಬಂತು. 2012ರ ಮಾರ್ಚ್‌ನಲ್ಲಿ ಪರಿಶೀಲನಾ ತಂಡ ಭೇಟಿ ನೀಡಿತು. ಜುಲೈನಲ್ಲಿ ಸಮುದಾಯ ಮತ್ತು ಜೂನಿಯರ್ ಕಾಲೇಜುಗಳ ಮಾನ್ಯತಾ ಆಯೋಗವು 14 ಶಿಫಾರಸುಗಳನ್ನು ಪಟ್ಟಿಮಾಡಿ, ಮಾನ್ಯತೆಯನ್ನು ಏಕೆ ಹಿಂತೆಗೆದುಕೊಳ್ಳಬಾರದೆಂದು ಕಾರಣ ಕೇಳಿ ನೋಟಿಸ್ ನೀಡಿತು. ಆಕ್ಷೇಪಗಳು ಬಹುಮಟ್ಟಿಗೆ ಹಣಕಾಸು, ಆಡಳಿತ, ಯೋಜನೆ ಮತ್ತು ದಾಖಲೆಗಳ ಕುರಿತಾಗಿದ್ದವೇ ಹೊರತು ಬೋಧನೆಯ ಗುಣಮಟ್ಟ ಮುಖ್ಯ ತಕರಾರಾಗಿರಲಿಲ್ಲ.

ಅದೇ ವರ್ಷ ರಾಜ್ಯದ ನೀತಿಯೂ ಬದಲಾಗುತ್ತಿತ್ತು. ಪದವಿ, ಪ್ರಮಾಣಪತ್ರ ಅಥವಾ ವರ್ಗಾವಣೆಯ ಗುರಿ ಇಟ್ಟುಕೊಂಡ ವಿದ್ಯಾರ್ಥಿಗಳಿಗೆ ಆದ್ಯತೆ ನೀಡುವ 'ವಿದ್ಯಾರ್ಥಿ ಯಶಸ್ಸು' ಕಾಯ್ದೆ 2012ರಲ್ಲಿ ಬಂತು. ಗುರಿ ಮುಟ್ಟಿದವರ ಸಂಖ್ಯೆ ಎಣಿಸುವುದು ಸುಲಭ. ಅರವತ್ತು ದಾಟಿದ ಅಜ್ಜಿಯೊಬ್ಬರು ವೈದ್ಯರ ಬಳಿ ತಮ್ಮ ನೋವನ್ನು ತಾವೇ ಇಂಗ್ಲಿಷಿನಲ್ಲಿ ಹೇಳಿಕೊಳ್ಳುವಷ್ಟು ಕಲಿತರೆ ಅದು ಯಾವ ಕೋಷ್ಟಕಕ್ಕೆ ಸೇರಬೇಕು? ಒತ್ತಡಕ್ಕೆ ಸಿಲುಕಿದ ಕಾಲೇಜು ತನ್ನ ಧ್ಯೇಯಪತ್ರವನ್ನೇ ಪರಿಷ್ಕರಿಸಿ ಆದ್ಯತೆಗಳನ್ನು ಕಿರಿದುಗೊಳಿಸಿತು. ಅಧ್ಯಾಪಕರಲ್ಲೂ ವಿದ್ಯಾರ್ಥಿಗಳಲ್ಲೂ ಹಲವರನ್ನು ಬೀದಿಗಿಳಿಸಿದ್ದು ನೋಟಿಸಿನಷ್ಟೇ ಈ ಸಂಕೋಚವೂ ಹೌದು.

ಸಾರ್ವಜನಿಕರ ನಿಲುವು ಬೇಗ ತಿಳಿದುಬಂತು. 2012ರ ನವೆಂಬರ್‌ನಲ್ಲಿ ಪ್ರತಿ ಆಸ್ತಿಗೆ ವರ್ಷಕ್ಕೆ 79 ಡಾಲರ್‌ನಂತೆ ಎಂಟು ವರ್ಷ ವಿಶೇಷ ತೆರಿಗೆ ವಿಧಿಸುವ ಪ್ರಸ್ತಾಪ ಮತಕ್ಕೆ ಬಂತು. ಮೂರನೆಯ ಎರಡರಷ್ಟು ಬಹುಮತ ಬೇಕಿದ್ದ ಆ ಪ್ರಸ್ತಾಪ ಅದನ್ನೂ ಮೀರಿ ಗೆದ್ದಿತು. ಮುಳುಗುತ್ತಿದೆ ಎಂದು ಹೇಳಲಾಗುತ್ತಿದ್ದ ಸಂಸ್ಥೆಗೆ ಊರು ತಾನಾಗಿ ತೆರಿಗೆ ಕಟ್ಟಲು ಒಪ್ಪಿದ್ದು ಸಣ್ಣ ಮಾತಲ್ಲ.

ಆಯೋಗ ಮಣಿಯಲಿಲ್ಲ. 2014ರ ಜುಲೈ ಅಂತ್ಯಕ್ಕೆ ಮಾನ್ಯತೆ ಕೊನೆಗೊಳ್ಳುವುದೆಂದು 2013ರ ಜುಲೈನಲ್ಲಿ ಘೋಷಿಸಿತು. ಚುನಾಯಿತ ಆಡಳಿತ ಮಂಡಳಿಯ ಅಧಿಕಾರವನ್ನು ರಾಜ್ಯವು ವಿಶೇಷ ಟ್ರಸ್ಟಿಯೊಬ್ಬರಿಗೆ ವಹಿಸಿತು. ನಮ್ಮ ಸಹಕಾರ ಸಂಘಗಳ ಭಾಷೆಯಲ್ಲಿ ಹೇಳುವುದಾದರೆ ಮಂಡಳಿ 'ಸೂಪರ್‌ಸೀಡ್' ಆಯಿತು. ಆಗಸ್ಟ್‌ನಲ್ಲಿ ನಗರದ ಅಟಾರ್ನಿ ಡೆನಿಸ್ ಹೆರೆರಾ ಆಯೋಗದ ವಿರುದ್ಧ ಮೊಕದ್ದಮೆ ಹೂಡಿದರು. ಅಧ್ಯಾಪಕರ ಸಂಘಟನೆಯೂ ನ್ಯಾಯಾಲಯದ ಮೆಟ್ಟಿಲೇರಿತು. 2014ರ ಜನವರಿಯಲ್ಲಿ ನ್ಯಾಯಾಧೀಶ ಕರ್ಟಿಸ್ ಕಾರ್ನೊ ತಡೆಯಾಜ್ಞೆ ನೀಡಿ, ಮೊಕದ್ದಮೆ ಮುಗಿಯುವವರೆಗೆ ಮಾನ್ಯತೆ ರದ್ದುಪಡಿಸದಂತೆ ಆದೇಶಿಸಿದರು. 2015ರ ತೀರ್ಪಿನಲ್ಲಿ ಅವರು ಯಾವ ಪಕ್ಷಕ್ಕೂ ಪೂರ್ಣ ಜಯ ನೀಡಲಿಲ್ಲ. ಕಾಲೇಜಿಗೆ ಉತ್ತರಿಸಲು ಸೂಕ್ತ ಅವಕಾಶ ನೀಡದೆ ಆಯೋಗ ಕಾನೂನು ಉಲ್ಲಂಘಿಸಿತೆಂದರು, ಆದರೆ ಅಂತಿಮ ನಿರ್ಣಯದ ಅಧಿಕಾರವನ್ನು ಆಯೋಗದಿಂದ ಕಸಿಯಲಿಲ್ಲ. ಕಾಲೇಜಿಗೆ ತನ್ನ ಕುಂದುಗಳನ್ನು ಸರಿಪಡಿಸಿಕೊಳ್ಳಲು ಎರಡು ವರ್ಷಗಳ ಕಾಲಾವಕಾಶ ದೊರೆಯಿತು. 2017ರ ಜನವರಿಯಲ್ಲಿ ಏಳು ವರ್ಷಗಳಿಗೆ ಪೂರ್ಣ ಮಾನ್ಯತೆ ಮರಳಿತು.

ಮಾನ್ಯತೆ ವಾಸ್ತವದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಆದರೆ ಮುಚ್ಚುವ ಕಾಲೇಜಿಗೆ ಯಾರು ಸೇರುತ್ತಾರೆ? ಬಿಕ್ಕಟ್ಟಿನ ವರ್ಷಗಳಲ್ಲಿ ಸಾವಿರಾರು ವಿದ್ಯಾರ್ಥಿಗಳು ಕೈಬಿಟ್ಟುಹೋದರು. ಅನುದಾನ ವಿದ್ಯಾರ್ಥಿಗಳ ಸಂಖ್ಯೆಗೆ ಕಟ್ಟಿದ್ದರಿಂದ ಅದೂ ಇಳಿಯಬೇಕಾಗಿತ್ತು. ರಾಜ್ಯವು ಕೆಲವು ವರ್ಷಗಳ ಮಟ್ಟಿಗೆ ತಾತ್ಕಾಲಿಕ ನೆರವು ನೀಡಿ ಆ ಹೊಡೆತವನ್ನು ಮುಂದೂಡಿತು.

ಉಚಿತ ಕಾಲೇಜು, ಖಾತರಿಯಿಲ್ಲದ ಹಣ

2016ರ ನವೆಂಬರ್‌ನಲ್ಲಿ ನಗರದ ಮತದಾರರು 50 ಲಕ್ಷ ಡಾಲರ್ ಮತ್ತು ಅದಕ್ಕೂ ಮೀರಿದ ಆಸ್ತಿಗಳ ಮಾರಾಟದ ಮೇಲೆ ವರ್ಗಾವಣೆ ತೆರಿಗೆಯನ್ನು ಹೆಚ್ಚಿಸುವ 'ಡಬ್ಲ್ಯು' ಪ್ರಸ್ತಾಪವನ್ನು ಅಂಗೀಕರಿಸಿದರು. ತಂತ್ರಜ್ಞಾನ ಕಂಪನಿಗಳಿಂದ ಏರಿದ ಭೂಮಿ ಬೆಲೆಯಿಂದಲೇ ಕಾಲೇಜನ್ನು ಉಚಿತಗೊಳಿಸಬೇಕೆಂಬುದು ಇದರ ಹಿಂದಿನ ವಿಚಾರ. 2017ರ ಫೆಬ್ರವರಿಯಲ್ಲಿ ಮೇಯರ್ ಎಡ್ ಲೀ ಮತ್ತು ನಗರ ಮಂಡಳಿ ಸದಸ್ಯೆ ಜೇನ್ ಕಿಮ್ ವರ್ಷಕ್ಕೆ 54 ಲಕ್ಷ ಡಾಲರ್‌ಗಳ ಒಪ್ಪಂದವನ್ನು ಪ್ರಕಟಿಸಿದರು. ಅದೇ ವರ್ಷದ ಶರತ್ಕಾಲದ ಅವಧಿಯಿಂದ 'ಫ್ರೀ ಸಿಟಿ' ಯೋಜನೆ ಜಾರಿಗೆ ಬಂತು. ಆಗ ನಗರದ ನಿವಾಸಿಯಾಗಿದ್ದರೆ ಸಾಕಿತ್ತು, ವರಮಾನ ಕೇಳುತ್ತಿರಲಿಲ್ಲ. ಯೂನಿಟ್‌ಗೆ 46 ಡಾಲರ್ ಶುಲ್ಕವನ್ನು ನಗರಾಡಳಿತ ಭರಿಸುತ್ತಿತ್ತು. ಬಡತನದ ಕಾರಣ ಮೊದಲೇ ಶುಲ್ಕ ವಿನಾಯಿತಿ ಪಡೆದಿದ್ದವರಿಗೆ ಪುಸ್ತಕ ಮತ್ತಿತರ ಖರ್ಚಿಗೆ ನಗದು ನೆರವು. ವರಮಾನದ ಮಿತಿಯಿಲ್ಲದೆ ಎಲ್ಲ ನಿವಾಸಿಗಳಿಗೂ ಸಮುದಾಯ ಕಾಲೇಜನ್ನು ಉಚಿತವಾಗಿಸಿದ ಅಮೆರಿಕದ ಮೊದಲ ನಗರವೆಂದು ಸ್ಯಾನ್‌ಫ್ರಾನ್ಸಿಸ್ಕೊ ಹೆಸರಾಯಿತು. ದಾಖಲಾತಿಯೂ ಆ ವರ್ಷ ಚೇತರಿಸಿತು. 2019ರಲ್ಲಿ ಯೋಜನೆಯನ್ನು ಹತ್ತು ವರ್ಷಗಳಿಗೆ ವಿಸ್ತರಿಸಲು ಒಪ್ಪಲಾಯಿತು.

ಇಲ್ಲೊಂದು ಸೂಕ್ಷ್ಮವಿದೆ. ನಿರ್ದಿಷ್ಟ ಉದ್ದೇಶಕ್ಕೆಂದು ಕಾನೂನಿನಲ್ಲಿ ಬರೆದ ತೆರಿಗೆಗೆ ಮೂರನೆಯ ಎರಡರಷ್ಟು ಮತ ಬೇಕು, ಸಾಮಾನ್ಯ ನಿಧಿಗೆ ಸೇರುವ ತೆರಿಗೆಗೆ ಸರಳ ಬಹುಮತ ಸಾಕು. 'ಡಬ್ಲ್ಯು' ಎರಡನೆಯ ಬಗೆಯದು. ಆದ್ದರಿಂದ ಆ ಹಣ ಕಾಲೇಜಿಗೇ ಸಲ್ಲಬೇಕೆಂಬ ಕಟ್ಟುಪಾಡು ಕಾನೂನಿನಲ್ಲಿ ಇಲ್ಲ, ರಾಜಕೀಯ ಇಚ್ಛೆಯಲ್ಲಿದೆ. ಮತ್ತೊಂದು ತೊಡಕೆಂದರೆ, ಈ ಯೋಜನೆ ವಿದ್ಯಾರ್ಥಿಯ ಶುಲ್ಕವನ್ನು ತೀರಿಸುತ್ತದೆಯೇ ಹೊರತು ಕಾಲೇಜಿನ ಖರ್ಚನ್ನಲ್ಲ. ತರಗತಿ ಉಚಿತ, ಆದರೆ ತರಗತಿಯೇ ರದ್ದಾದರೆ ಉಚಿತಕ್ಕೆ ಅರ್ಥವಿಲ್ಲ. 2019ರ ನವೆಂಬರ್‌ನಲ್ಲಿ ಆದದ್ದು ಅದೇ: ಮುಂದಿನ ಅವಧಿಯ ಸುಮಾರು 300 ತರಗತಿಗಳನ್ನು ಕಾಲೇಜು ದಿಢೀರನೆ ಕೈಬಿಟ್ಟಿತು. ಹಿರಿಯ ನಾಗರಿಕರಿಗೆಂದೇ ಇದ್ದ ಪಾಠಗಳಿಗೆ ಬಲವಾದ ಪೆಟ್ಟು ಬಿತ್ತು.

ಕೋವಿಡ್ ಈ ಗಾಯವನ್ನು ಆಳಗೊಳಿಸಿತು. 2022ರ ಮೇ ತಿಂಗಳಲ್ಲಿ 38 ಪೂರ್ಣಾವಧಿ ಬೋಧಕರನ್ನು ಕೈಬಿಡಲು ಮಂಡಳಿ ತೀರ್ಮಾನಿಸಿತು. ಅದೇ ನವೆಂಬರ್‌ನಲ್ಲಿ ಕಾಲೇಜಿಗಾಗಿ ಹೊಸ ಆಸ್ತಿ ತೆರಿಗೆ ವಿಧಿಸುವ ಪ್ರಸ್ತಾಪ ಮತಕ್ಕೆ ಬಂದಾಗ ಹತ್ತು ವರ್ಷದ ಹಿಂದೆ ಹೌದೆಂದಿದ್ದ ಊರು ಈ ಸಲ ಒಪ್ಪಲಿಲ್ಲ. 2024ರ ಜನವರಿಯಲ್ಲಿ ಮಾನ್ಯತಾ ಆಯೋಗ ಮತ್ತೊಮ್ಮೆ ಎಚ್ಚರಿಕೆ ನೀಡಿತು. ಈ ಬಾರಿಯೂ ಪ್ರಸ್ತಾಪವಾದದ್ದು ಆಡಳಿತ ಮತ್ತು ಹಣಕಾಸಿನ ನಿರ್ವಹಣೆಯೇ.

ಇತ್ತ ಓಷನ್ ಅವೆನ್ಯೂವಿನ ದಿಬ್ಬದ ಮೇಲೆ ಕಟ್ಟಡಗಳು ಏಳುತ್ತಿರುವುದಕ್ಕೆ ಕಾರಣ ಬೇರೆ. 2020ರ ಮಾರ್ಚ್‌ನಲ್ಲಿ ಮತದಾರರು 84.5 ಕೋಟಿ ಡಾಲರ್‌ಗಳ ಬಾಂಡ್‌ಗೆ ಒಪ್ಪಿಗೆ ಕೊಟ್ಟಿದ್ದರು. ಬಾಂಡ್ ಹಣವನ್ನು ಇಟ್ಟಿಗೆ ಸಿಮೆಂಟಿಗೆ, ದುರಸ್ತಿಗೆ ಬಳಸಬಹುದು. ಬೋಧಕರ ಸಂಬಳಕ್ಕೆ ಬಳಸುವಂತಿಲ್ಲ. ಹೀಗಾಗಿ ಮೇಷ್ಟರನ್ನು ಮನೆಗೆ ಕಳಿಸಿದ ವರ್ಷಗಳಲ್ಲೇ ಹೊಸ ಕಟ್ಟಡಗಳ ಕೆಲಸವೂ ನಡೆಯಿತು. ಅವುಗಳಲ್ಲೊಂದು ಡಿಯಾಗೊ ರಿವೇರಾ ಹೆಸರಿನ ಪ್ರದರ್ಶನ ಕಲೆಗಳ ಕೇಂದ್ರ. ಎಂಟು ದಶಕಗಳ ಹಿಂದೆ ಗ್ರಂಥಾಲಯದ ಗೋಡೆಗೆಂದು ಬರೆದ ಆ 74 ಅಡಿಯ ಚಿತ್ರಕ್ಕೆ, ದೂರ ನಿಂತು ಪೂರ್ತಿಯಾಗಿ ನೋಡಬಹುದಾದಂತಹ ಜಾಗವನ್ನು ಅಲ್ಲಿ ಕಲ್ಪಿಸಲಾಗಿದೆ.